ಬಲಗೆನ್ನೆಗೆ ಬಂದ ಗಾಯ

ಮಿಲ್ವಾಕಿ
ಭಾನುವಾರ, ಮಾರ್ಚ್ ೭, ೧೮೯೭

ಅಮ್ಮಾ,

ನಿನ್ನ ಬುರ್ಗಿಯಾದ ನಾನು ಚೆನ್ನಾಗಿದ್ದೇನೆ. ಅಪ್ಪನೂ ಚೆನ್ನಾಗಿದ್ದಾನೆ. ಈ ಕಾಗದ ಬರೆಯುತ್ತಿರುವುದು ಆ ಎರಡನೆಯ ಮಾತಿಗಾಗಿಯೇ.

ನೀನು ಒಷ್ಕೋಷಿನ ಚಿಕ್ಕಮ್ಮನ ಮನೆಗೆ ಹೋಗಿ ನಾಲ್ಕು ವರ್ಷವಾಯಿತು. ಹೋಗುವ ದಿನ ಬಾಗಿಲಲ್ಲಿ ನಿಂತು ಅಪ್ಪನಿಗೆ ಹೇಳಿದ್ದು ನನಗೆ ಹಾಗೇ ನೆನಪಿದೆ: “ಆ ಗುಡ್ಡದಿಂದ ಇಳಿದು ಬಾ ಕೊರ್ಬಿನಿಯನ್. ಇಳಿದ ದಿನ ಕಾಗದ ಹಾಕು, ನಾನೂ ಬರ್ತೀನಿ.” ಅವನು ಹಾಕಲಿಲ್ಲ. ಈಗ ನಾನು ಹಾಕುತ್ತಿದ್ದೇನೆ. ಅವನು ಇಳಿದಿದ್ದಾನೆ ಅಮ್ಮಾ. ಆದರೆ ನಮ್ಮ ಕಡೆಗಲ್ಲ. ಆಚೆ ಇಳಿಜಾರಿನಲ್ಲಿ ಇಳಿದು, ಸತ್ತವರ ಜೊತೆ ಹೋಗಿ ನಿಂತುಬಿಟ್ಟಿದ್ದಾನೆ.

ದಿನಾ ಗಡ್ಡ ಹೆರೆದುಕೊಳ್ಳುತ್ತಾನೆ. ಪೀಪಾಯಿ ಕಟ್ಟುವ ಕೆಲಸಕ್ಕೆ ಹೋಗುವಾಗ ಸಿಳ್ಳೆ ಹಾಕುತ್ತಾನೆ. ಮೊನ್ನೆ ಹುಳಿ ಎಲೆಕೋಸನ್ನು ಎರಡನೇ ಸಲ ಬಡಿಸಿಕೊಂಡು, ನೀನು ಮಾಡುತ್ತಿದ್ದ ರುಚಿಯೇ ಬಂದಿದೆ ಎಂದ. ಜೂನ್ ತಿಂಗಳು ಬಂತೆಂದರೆ ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತು ಯಾರ ಜೊತೆಗೂ ಮಾತಾಡದೆ ಇರುತ್ತಿದ್ದನಲ್ಲ, ಆ ಮನುಷ್ಯ ಇವನೇ ಎಂದರೆ ನೀನು ನಂಬಲಾರೆ. ಇವನನ್ನು ನೋಡಿದರೆ ನಿನಗೆ ಸಂತೋಷವಾಗಬಹುದು. ಆ ಸಂತೋಷವನ್ನು ಕೆಡಿಸಲು ನೀನು ಬರಬೇಕು ಎಂದು ನಾನು ಕೇಳುತ್ತಿದ್ದೇನೆ. ಬರುವ ಶನಿವಾರದ ಒಳಗೆ ಬರಬೇಕು. ಯಾಕೆಂದು ಮುಂದೆ ಬರೆಯುತ್ತೇನೆ.

ಇಪ್ಪತ್ತು ವರ್ಷದ ಹಿಂದೆ ಜೂನಿನಲ್ಲಿ ನಡೆದ ಅಪ್ಪನ ಯುದ್ಧದ ಆ ಚಿತ್ರವನ್ನು ನೀನು ನೋಡಿಯೇ ಇರುತ್ತೀಯ. ನೋಡದೆ ತಪ್ಪಿಸಿಕೊಳ್ಳುವುದು ಈ ದೇಶದಲ್ಲಿ ಈಗ ಕಷ್ಟ. ಬಿಯರ್ ಕಂಪನಿಯವರು ಕುಡಿಯಲು ಜನ ಸೇರುವ ಸಲೂನಿಗೊಂದರಂತೆ ಚೌಕಟ್ಟು ಹಾಕಿಸಿ ಹಂಚಿದ್ದಾರೆ. ನಡುವೆ ಉದ್ದ ಕೂದಲಿನ ಜನರಲ್, ಎತ್ತಿದ ಕತ್ತಿ. ಸುತ್ತ ಸಾಯುತ್ತಿರುವ ಸಿಪಾಯಿಗಳು. ಅವರ ಸುತ್ತ ಈ ನೆಲದ ಮೂಲ ಜನರಾದ ಸೂ, ಶಯಾನ್‌ಗಳ ಬೆತ್ತಲೆ ಮೈಯ ಗುಂಪು, ಮೃಗಗಳ ಹಾಗೆ. ಕೆಳಗೆ ದಪ್ಪಕ್ಷರದಲ್ಲಿ ಬಿಯರಿನ ಹೆಸರು. ಅದು ಅಚ್ಚಾದದ್ದು ನಾನು ಕೆಲಸ ಮಾಡುವ ಕಲ್ಲಚ್ಚಿನ ಅಂಗಡಿಯಲ್ಲೇ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು, ಕಲ್ಲಿಗೆ ನಾಲ್ಕೈದು ಜನ. ನಮ್ಮ ಕೆಲಸ ಚುಕ್ಕಿ ಹಾಕುವುದು. ಹತ್ತಿರ ಕೂತವರಿಗೆ ಬರೀ ಚುಕ್ಕಿ, ದೂರ ನಿಂತವರಿಗೆ ರಕ್ತ. ಜನರಲ್ಲನ ಕತ್ತಿಯ ಹೊಳಪಿಗೆ ನಾನೇ ಚುಕ್ಕಿ ಹಾಕಿದ್ದೇನೆ. ಇದನ್ನು ಮುಚ್ಚಿಡುವುದಿಲ್ಲ.

ಕತ್ತಿ ಸೊಂಟಕ್ಕೆ ಹೇಗೆ ತೂಗುತ್ತದೆ ಎಂದು ಅಪ್ಪನನ್ನು ಕೇಳಿಕೊಂಡು ಬಾ ಎಂದು ನಮ್ಮ ಮೇಸ್ತ್ರಿ ಯೋಸ್ಟ್ ಹೋದ ವರ್ಷದ ವಸಂತದಲ್ಲಿ ನನಗೆ ಹೇಳಿದ್ದ. ಅಪ್ಪ ಆ ಜನರಲ್ಲನ ದಂಡಿನಲ್ಲಿದ್ದವನು ಎಂದು ಅಂಗಡಿಯಲ್ಲಿ ಎಲ್ಲರಿಗೂ ಗೊತ್ತು. ಮನೆಗೆ ಬಂದು ಕೇಳಿದೆ. ಅಪ್ಪ ಆಲೂಗಡ್ಡೆ ಸುಲಿಯುತ್ತಿದ್ದ. ಹದಿನೆಂಟು ವರ್ಷ ನನಗೆ ಒಂದಕ್ಷರ ಹೇಳದವನು, ಚಾಕು ಕೆಳಗಿಡದೆ, ತಲೆ ಎತ್ತದೆ, ಎಲ್ಲವನ್ನೂ ಹೇಳಿದ. ನಿನಗೆ ಗೊತ್ತಿರುವುದನ್ನೇ ಇಲ್ಲಿ ಮತ್ತೆ ಬರೆಯುತ್ತೇನೆ. ಯಾರಾದರೂ ಒಬ್ಬರು ಎಲ್ಲಾದರೂ ಬರೆದಿಡಬೇಕಲ್ಲ.

ಕತ್ತಿ ಇರಲೇ ಇಲ್ಲ. ಭಾರವೆಂದು ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಹಿಂದೆ ಬಿಟ್ಟು ಹೋಗಿದ್ದರು. ಜನರಲ್ ಬೇಸಿಗೆಯೆಂದು ಕೂದಲು ಕತ್ತರಿಸಿಕೊಂಡಿದ್ದ. ನದಿಯ ದಂಡೆಯಲ್ಲಿ ಇದ್ದದ್ದು ಸೂ, ಶಯಾನ್ ಜನರ ಒಂದು ಊರು. ಹೆಂಗಸರು ಗೆಡ್ಡೆ ಅಗೆಯಲು ಹೋಗಿದ್ದ ಹೊತ್ತಿನಲ್ಲಿ ಅದರ ಮೇಲೆ ಬಿದ್ದವರು ನಮ್ಮವರು. ಅಪ್ಪನ ತುಕಡಿ ಮೊದಲೇ ಏಟು ತಿಂದು ಒಂದು ಗುಡ್ಡ ಹತ್ತಿ ಕೂತಿತ್ತು. ಅಲ್ಲಿಂದ ನಾಲ್ಕು ಮೈಲಿ ಆಚೆ, ಜನರಲ್ ಹೋದ ಕಡೆ, ಗುಂಡಿನ ಸದ್ದು ಕೇಳುತ್ತಿತ್ತು. ಒಟ್ಟೊಟ್ಟಿಗೆ ಹಾರಿಸುವ ಸದ್ದು, ಆಮೇಲೆ ಬಿಡಿಬಿಡಿ, ಆಮೇಲೆ ಏನೂ ಇಲ್ಲ. ಕುದುರೆಯ ಪಟ್ಟಿ ಬಿಗಿದು ನಿಂತಿದ್ದೆವು, ಹೊರಡಿ ಎನ್ನುವ ಅಪ್ಪಣೆ ಬರುವ ಹೊತ್ತಿಗೆ ಸದ್ದೇ ನಿಂತಿತ್ತು ಎಂದ ಅಪ್ಪ. ಮೂರನೇ ದಿನ ಹೂಳಲು ಹೋದರು, ಜನರಲ್ಲನ ಜೊತೆ ಹೋದವರಲ್ಲಿ ಒಬ್ಬನೂ ಉಳಿದಿರಲಿಲ್ಲ. ಹಾರೆ ಗುದ್ದಲಿ ಸಾಲದೆ ಮಣ್ಣು ಕೆರೆದು ಮುಚ್ಚಿ ಮೇಲೆ ಕುರುಚಲು ಗಿಡ ಎಳೆದರು. ಗೆಳೆಯ ಲೊರೆಂಟ್ಸನ ಗುರುತು ಸಿಕ್ಕಿದ್ದು ಕಾಲುಚೀಲದಿಂದ. ಅದರ ಹಿಮ್ಮಡಿಗೆ ಅಪ್ಪನೇ ಹಿಂದಿನ ವಾರ ತೇಪೆ ಹೊಲಿದುಕೊಟ್ಟಿದ್ದ.

ಆಮೇಲೆ ಆ ಪುಟ್ಟ ಚರ್ಮದ ಮೆಟ್ಟಿನ ವಿಷಯ ಹೇಳಿದ. ಅವರು ಬಿಟ್ಟುಹೋದ ಊರಿನ ಬೂದಿಯಲ್ಲಿ ಸಿಕ್ಕಿದ್ದು. ಮಗುವಿನದು, ಹೆಬ್ಬೆರಳಿನಷ್ಟು ಉದ್ದ. ಮಣಿಗೆಲಸ ಅರ್ಧಕ್ಕೇ ನಿಂತಿತ್ತು, ಸೂಜಿ ಇನ್ನೂ ಚುಚ್ಚಿಕೊಂಡೇ ಇತ್ತು. ಯಾರೋ ತಾಯಿ ಹೊಲಿಯುತ್ತಿದ್ದಾಗ ನಾವು ಬಂದೆವು ಎಂದ. ತಗಡಿನ ಡಬ್ಬಿಯಲ್ಲಿ ಅದನ್ನು ಯಾಕೆ ಇಟ್ಟಿದ್ದಾನೆಂದು ನೀನೊಮ್ಮೆ ಕೇಳಿದ್ದೆಯಂತೆ. ಉತ್ತರ ಕೊಟ್ಟಿರಲಿಲ್ಲವಂತೆ.

ಆಲೂಗಡ್ಡೆ ಪೂರ್ತಿ ಸುಲಿದಾಗಿತ್ತು. ಇಷ್ಟೇ, ಬೇಯಿಸು ಎಂದ.

ಮಾರನೆಯ ದಿನ ಕತ್ತಿ ಇರಲಿಲ್ಲವಂತೆ ಎಂದು ಯೋಸ್ಟನಿಗೆ ಹೇಳಿದೆ. ಅವನು ಕನ್ನಡಕದ ಮೇಲಿಂದ ನೋಡಿ, “ಹಾಗಾದ್ರೆ ಕೈಗೆ ಏನು ಕೊಡ್ತೀಯಮ್ಮ, ಪೊರಕೇನಾ?” ಎಂದ. ಎಲ್ಲರೂ ನಕ್ಕರು. ಸೂ ಜನರ ಗುರಾಣಿಗಳು ಹೇಗಿದ್ದವೆಂದು ಯಾರಿಗೂ ಗೊತ್ತಿರಲಿಲ್ಲ. ಯಾವುದೋ ಆಫ್ರಿಕಾ ಯುದ್ಧದ ಚಿತ್ರಪುಸ್ತಕ ತಂದು ಅದರಿಂದ ನಕಲು ಮಾಡಿದೆವು. ನಾನು ನಮ್ಮ ಓದಿನ ಕೂಟದ ಕರಪತ್ರಗಳಲ್ಲಿ ಓದಿದ್ದೆ, ಸತ್ಯ ಒಂದು ಸಲ ಜನರ ಮುಂದೆ ನೇರ ನಿಂತರೆ ಸಾಕು, ಸುಳ್ಳು ತಾನಾಗಿ ಕುಸಿಯುತ್ತದೆ ಎಂದು. ಅದನ್ನು ಬರೆದವರು ಯಾರೂ ಸಲೂನಿಗೆ ಕಾಲಿಟ್ಟಿರಲಿಕ್ಕಿಲ್ಲ.

ಚಿತ್ರ ನಮ್ಮ ಬೀದಿ ಮೂಲೆಯ ಕ್ನೋಪನ ಸಲೂನಿಗೆ ಬಂದದ್ದು ಅಕ್ಟೋಬರಿನಲ್ಲಿ. ಅಪ್ಪ ಅತ್ತ ಹೋಗುತ್ತಲೇ ಇರಲಿಲ್ಲ. ಒಂದು ಶನಿವಾರ ಕ್ನೋಪನೇ ಬಂದು ಕೈಹಿಡಿದು ಎಳೆದುಕೊಂಡು ಹೋದ. ಬಿಯರ್ ತರಲು ಪಾತ್ರೆ ಹಿಡಿದು ನಾನೂ ಹಿಂದೆ ಹೋದೆ. ಚಿತ್ರದಲ್ಲಿ ಜನರಲ್ಲನ ಎಡಕ್ಕೆ ಒಬ್ಬ ಸಿಪಾಯಿ ಮಂಡಿಯೂರಿ ಕೂತಿದ್ದಾನೆ. ಒಂದು ಕೈಯಲ್ಲಿ ಪಿಸ್ತೂಲು, ಇನ್ನೊಂದು ತೋಳಿನಲ್ಲಿ ಬಿದ್ದ ಗೆಳೆಯ. ಅವನ ಮುಖ ಅಪ್ಪನ ಮುಖದ ಹಾಗಿದೆ. ಹಾಗಿದೆ ಎಂದರೆ ಸಾಲದು, ಅಪ್ಪನದೇ. ಕೆನ್ನೆಯ ಮೇಲೆ ಕುಡುಗೋಲಿನ ಆಕಾರದ ಆ ಗಾಯವೂ ಇದೆ. ಚುಕ್ಕಿ ಹಾಕುವವರು ಎಷ್ಟೋ ಸಲ ಕಣ್ಣಿಗೆ ಬಿದ್ದ ಯಾರದೋ ಮುಖ ಹಾಕಿಬಿಡುತ್ತಾರೆ. ಯಾರು ಹಾಕಿದರು ಎಂದು ಹುಡುಕುವುದು ಸುಮ್ಮನೆ.

ಅಪ್ಪ ತುಂಬ ಹೊತ್ತು ನೋಡಿದ.  ಕುದುರೆಯ ಜೀನು ಹೊಲಿಯುವ ಮುದುಕ ಡೀಟ್ಸ್ ಪಕ್ಕಕ್ಕೆ ಬಂದು ನಿಂತ.

“ಏನಯ್ಯಾ ಕೊರ್ಬಿ, ನಿನ್ನ ಗಾಯ ಎಡಗೆನ್ನೇಲಿ. ಇವನದು ಬಲಗೆನ್ನೇಲಿ. ಮೂಗು ದಾಟಿ ಆಚೆ ಹೋಗಿದ್ದು ಯಾವಾಗ?”

ಅಪ್ಪ ನಗಲಿಲ್ಲ. ಮೆಲ್ಲಗೆ ಹೇಳಿದ: “ಚಿತ್ರದಲ್ಲಿ ಹಾಗೇ ಬರೋದು, ಡೀಟ್ಸ್.”

ಅಷ್ಟೇ ಅಮ್ಮಾ. ನಾನಲ್ಲ ಎನ್ನಲಿಲ್ಲ. ಕ್ನೋಪ್ ಗ್ಲಾಸು ತುಂಬಿಸಿ ಮುಂದಿಟ್ಟ. ಯಾರೋ ಕುರ್ಚಿ ಎಳೆದುಕೊಟ್ಟರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಯಾರೂ, ನೀವೆಲ್ಲ ಆಗ ಯಾಕೆ ಹೋಗಲಿಲ್ಲ ಎಂದು ಅವನನ್ನು ಕೇಳಲಿಲ್ಲ. ಅವನ ಭುಜ ಇಳಿದದ್ದನ್ನು ನಾನು ಕಂಡೆ. ಹೊತ್ತ ಹೊರೆಯನ್ನು ಯಾರೋ ಹಿಂದಿನಿಂದ ಎತ್ತಿಕೊಂಡರೆ ಇಳಿಯುತ್ತದಲ್ಲ, ಹಾಗೆ. ನಾನು ಪಾತ್ರೆ ಹಿಡಿದು ಅಲ್ಲೇ ನಿಂತಿದ್ದೆ.

ಕತೆ ಒಂದೇ ದಿನಕ್ಕೆ ಬೆಳೆಯಲಿಲ್ಲ. ಮೊದಲು ಮೌನ. ಆಮೇಲೆ ಕೇಳಿದವರಿಗೆ ತಲೆಯಾಡಿಸುವುದು. ಕ್ರಿಸ್‌ಮಸ್ ಹೊತ್ತಿಗೆ ಲೊರೆಂಟ್ಸ್ ಅವನ ತೋಳಿನಲ್ಲಿ ಪ್ರಾಣ ಬಿಟ್ಟಿದ್ದ. ಜನವರಿಯಲ್ಲಿ ಜನರಲ್ ಇವನ ಕೈಗೆ ಒಂದು ಚೀಟಿ ಕೊಟ್ಟು ಸಹಾಯ ತರಲು ಕಳಿಸಿದ. ಬದುಕಿ ಉಳಿದದ್ದು ಹೇಗೆ ಎಂಬ ಪ್ರಶ್ನೆಗೆ ಅದು ಉತ್ತರ. ಕೋಟೆಯಲ್ಲಿ ಹೇಸರಗತ್ತೆ ಒದ್ದು ಆದ ಗಾಯ ಬಾಣದ ಗಾಯವಾಯಿತು. ಮನೆಯಲ್ಲಿ ಇದೆಲ್ಲ ಸುಳ್ಳಲ್ಲವಾ ಎಂದು ಕೇಳಿದೆ. ಅವನಿಗೆ ಕೋಪ ಬಂದಿದ್ದರೆ ಸಂತೋಷಪಡುತ್ತಿದ್ದೆ. ನನ್ನನ್ನು ಕನಿಕರದಿಂದ ನೋಡಿದ. ಆಲೂಗಡ್ಡೆ ಸುಲಿಯುವಾಗ ಹೇಳಿದ್ದು ನೆನಪಿಸಿದೆ. ಆ ದಿನ ನನಗೆ ಮೈ ಸರಿ ಇರಲಿಲ್ಲ ಎಂದ.

ನಾನು ಬಿಡುವವಳಲ್ಲ, ನಿನಗೆ ಗೊತ್ತು. ವ್ಯಾಯಾಮ ಸಂಘದ ಸಭಾಂಗಣದಲ್ಲಿ ನಮ್ಮ ಓದಿನ ಕೂಟ ಭಾನುವಾರ ಸೇರುತ್ತದೆ. ಚರ್ಮ ಹದಮಾಡುವವರು, ಸಿಗಾರ್ ಸುತ್ತುವವರು, ಯುದ್ಧವೆಂದರೆ ಮೈಯೆಲ್ಲ ಉರಿಯುವವರು. ದಂಡಿನಲ್ಲಿದ್ದ ಒಬ್ಬ ದುಡಿಯುವ ಮನುಷ್ಯ ನಿಜ ಹೇಳುತ್ತಾನೆ ಎಂದು ಅಲ್ಲಿ ಪ್ರಕಟಣೆ ಹಚ್ಚಿದೆ. ಇಂಥವರ ಎದುರು ಅವನಿಂದ ಸುಳ್ಳು ಹೇಳಲಾಗದು ಎಂದುಕೊಂಡಿದ್ದೆ. ಅಪ್ಪ ಬಿಳೀ ಕಾಲರು ಹಾಕಿಕೊಂಡು ಬಂದ. ನಿಂತ. ಚಿತ್ರವನ್ನು ಹೇಳಿದ. ಎಡದಿಂದ ಬಲಕ್ಕೆ, ಒಂದು ಕುದುರೆಯನ್ನೂ ಬಿಡದೆ. ಸಂಬಳಕ್ಕೂ ಪದವಿಗೂ ಅಲ್ಲ, ಪಕ್ಕದವನಿಗಾಗಿ ಸತ್ತ ಬಡ ಸಿಪಾಯಿಗಳು ಎಂದ. ಸಿಗಾರ್ ಸುತ್ತುವ ಹೆಂಗಸರು ಕರವಸ್ತ್ರ ಕಣ್ಣಿಗೊತ್ತಿಕೊಂಡರು. ನಾನು ಎದ್ದು ನಿಂತೆ. ನನ್ನ ಧ್ವನಿ ಕಿರುಚಿದ ಹಾಗೆ ಬಂತು.

“ಕತ್ತಿಗಳು ಎಲ್ಲಿದ್ವು ಅಪ್ಪಾ? ಪೆಟ್ಟಿಗೇಲಿ ಇದ್ವು ಅಂತ ಹೇಳು.”

ಅವನು ನನ್ನ ಕಡೆ ತಿರುಗಿದ. ಮುಖದಲ್ಲಿ ಪ್ರೀತಿಯೇ ಇತ್ತು, ಅದನ್ನೇ ನಾನು ತಡೆದುಕೊಳ್ಳಲಾರೆ.

“ಮಗಳೇ, ಆ ಕತ್ತಿ ಬರೆದವಳು ನೀನೇ ಅಲ್ವಾ?”

ಸಭೆ ನಕ್ಕಿತು. ಕೆಟ್ಟ ನಗೆಯಲ್ಲ, ಮನೆಮಂದಿಯ ನಗೆ. ಆಮೇಲೆ ಚಪ್ಪಾಳೆ. ನನ್ನ ಜೊತೆ ಕೂತು ಕರಪತ್ರ ಮಡಚುವ ಗೆಳತಿಯೇ ಬಂದು ಅವನ ಕೈಕುಲುಕಿ, ನಿಮ್ಮಂಥ ತಂದೆ ನನಗಿರಬಾರದಿತ್ತೇ ಎಂದಳು. ನಾನು ಹೊರಗೆ ಬಂದು ಹಿಮದಲ್ಲಿ ನಿಂತೆ. ನನಗೆ ಹೇಳಲು ಇದ್ದ ಮಾತೆಲ್ಲ ಇನ್ನೊಬ್ಬರು ಕಂಡದ್ದು. ಕಂಡವನು ತಾನು ಬೇರೆ ಏನೋ ಕಂಡೆ ಎನ್ನುತ್ತಿದ್ದಾನೆ. ನಾನು ಯಾರ ಸಾಕ್ಷಿ?

ಕಳೆದ ವಾರ ಆ ತಗಡಿನ ಡಬ್ಬಿ ಖಾಲಿ ಇತ್ತು. ಸಲೂನಿಗೆ ಓಡಿಹೋಗಿ ನೋಡಿದೆ. ಮಗುವಿನ ಮೆಟ್ಟು ಕ್ನೋಪನ ಗೋಡೆಯ ಮೇಲಿದೆ, ಚಿತ್ರದ ಕೆಳಗೆ, ಗಾಜಿನೊಳಗೆ. “ವೈರಿಯಿಂದ ಕಿತ್ತುಕೊಂಡದ್ದು” ಎಂದು ಚೀಟಿ ಅಂಟಿಸಿದ್ದಾರೆ. ಇದು ಹಾಲು ಕುಡಿಯುವ ಮಗುವಿನದು, ನೋಡಿದರೆ ತಿಳಿಯುವುದಿಲ್ಲವಾ ಎಂದು ಕ್ನೋಪನನ್ನು ಕೇಳಿದೆ. ಅವನು ಬಗ್ಗಿ ನೋಡಿ, ಹೌದು ಪುಟ್ಟದು ಎಂದ. ಅವನೇನೂ ಕೆಟ್ಟವನಲ್ಲ. ನಿಮ್ಮಪ್ಪ ಹೇಳಿದ ಹಾಗೆ ಬರೆಸಿದೆ, ಬೇಕಾದರೆ ಅವನನ್ನೇ ಕೇಳು ಎಂದ. ಒಡೆದು ತೆಗೆದುಕೊಳ್ಳಲೆಂದು ಗಾಜಿನ ಮೇಲೆ ಕೈಯಿಟ್ಟೆ. ಮೆಟ್ಟಿನಲ್ಲಿ ಸೂಜಿ ಇರಲಿಲ್ಲ. ಯಾರೋ ಕಿತ್ತು ಎಸೆದಿದ್ದಾರೆ. ಕೈ ತೆಗೆದು ಮನೆಗೆ ಬಂದೆ.

ಈಗ ಶನಿವಾರದ ವಿಷಯ. ಬಿಯರ್ ಕಂಪನಿಯ ಗುಮಾಸ್ತನೊಬ್ಬ ಸಲೂನಿನಲ್ಲಿ ಅಪ್ಪನ ಕತೆ ಕೇಳಿ, ಚಿತ್ರದ ಹೊಸ ಅಚ್ಚಿನ ಕೆಳಗೆ ಅವನ ಹೇಳಿಕೆ ಹಾಕಿಸಲು ಒಪ್ಪಿಸಿದ್ದಾನೆ. ‘ನಾನು ಅಲ್ಲಿದ್ದೆ, ಎಲ್ಲವೂ ಇದರಲ್ಲಿರುವಂತೆಯೇ ನಡೆಯಿತು’ ಎಂದು ನಾಲ್ಕು ಸಾಲು, ಕೆಳಗೆ ಸಹಿ. ಅಪ್ಪ ಶನಿವಾರ ಬೆಳಿಗ್ಗೆ ಅಂಗಡಿಗೆ ಬಂದು ಸಹಿ ಹಾಕುತ್ತಾನೆ. ಅದನ್ನು ಕಲ್ಲಿಗೆ ಇಳಿಸುವ ಕೆಲಸ ಯೋಸ್ಟ್ ನನಗೆ ಕೊಟ್ಟಿದ್ದಾನೆ. ನಿನ್ನಪ್ಪನ ಹೆಸರು ನಿನ್ನ ಕೈಯಲ್ಲೇ ಬರಲಿ ಎಂದ, ದೊಡ್ಡ ಉಡುಗೊರೆ ಕೊಟ್ಟವನ ಹಾಗೆ. ನಾನು ಒಲ್ಲೆ ಎಂದರೆ ಪಕ್ಕದ ಮೇಜಿನವರು ಮಾಡುತ್ತಾರೆ. ಅಲ್ಲಿಗೆ ಆ ಗುಡ್ಡ ಮುಗಿಯಿತು. ಹಿಂದೆ ಬಿಟ್ಟ ಪೆಟ್ಟಿಗೆ, ನಾಲ್ಕು ಮೈಲಿ ಆಚೆ ನಿಂತುಹೋದ ಸದ್ದು, ಲೊರೆಂಟ್ಸನ ಕಾಲುಚೀಲ, ಯಾವುದೂ ಆಗಿಯೇ ಇರಲಿಲ್ಲ ಎಂದಾಗುತ್ತದೆ. ಆ ಊರು ಊರಾಗಿರಲಿಲ್ಲ ಎಂದಾಗುತ್ತದೆ. ಆಡಿದ ಮಾತನ್ನು ಅವನು ನಾಳೆ ಹಿಂದೆ ತೆಗೆದುಕೊಳ್ಳಬಹುದು, ಅಚ್ಚಾದ ಸಹಿಯನ್ನಲ್ಲ.

ನಿನಗೆ ಮಾತ್ರ ಅವನು ನಿಜವನ್ನು ವರ್ಷಗಟ್ಟಲೆ ಹೇಳಿದ್ದಾನೆ. ನಿದ್ದೆಯಲ್ಲಿ ಆದರೂ ಸರಿ. ನೀನು ಬಂದು ಅವನ ಎದುರು ಕೂತು, ಕೊರ್ಬಿನಿಯನ್, ನೀನು ನನಗೆ ಹೀಗೆ ಹೇಳಿದ್ದೆ ಎಂದು ಒಂದು ಸಲ ಹೇಳು. ನನ್ನನ್ನು ಅವನು ಕರಪತ್ರ ಓದಿ ಕೆಟ್ಟ ಹುಡುಗಿ ಎನ್ನಬಹುದು. ನಿನ್ನನ್ನು ಏನೂ ಎನ್ನಲಾರ.

ಹೇಳಿದ ಮೇಲೆ ಏನಾಗುತ್ತದೆ ಎಂದು ನನಗೆ ಗೊತ್ತು. ಜೂನ್ ಬರುತ್ತದೆ. ಅವನು ಮತ್ತೆ ನೆಲಮಾಳಿಗೆಯ ಮೆಟ್ಟಿಲಿಗೆ ಹೋಗುತ್ತಾನೆ. ನೀನು ನಾಲ್ಕು ವರ್ಷದ ಹಿಂದೆ ಯಾವುದನ್ನು ಸಹಿಸಲಾರದೆ ಹೋದೆಯೋ ಅದನ್ನೇ ವಾಪಸ್ ತಂದುಕೊಡು ಎಂದು ನಿನ್ನನ್ನು ಕೇಳುತ್ತಿದ್ದೇನೆ. ಇದು ನ್ಯಾಯವಾ ಎಂದು ಯಾವ ಕರಪತ್ರದಲ್ಲೂ ಇಲ್ಲ. ಸತ್ಯಕ್ಕೆ ಯಾರು ಬೆಲೆ ತೆರಬೇಕು ಎಂದು ಬರೆಯುವವರು ಸುಳ್ಳು ಹೇಳುವವರ ಹೆಸರನ್ನು ಬರೆಯುತ್ತಾರೆ. ಹುಳಿ ಎಲೆಕೋಸನ್ನು ಎರಡನೇ ಸಲ ಬಡಿಸಿಕೊಂಡ ಅಪ್ಪನ ಹೆಸರನ್ನಲ್ಲ. ಈಗಲೂ ಪಕ್ಕದ ಕೋಣೆಯಲ್ಲಿ ಬೂಟಿಗೆ ಬಣ್ಣ ಹಾಕುತ್ತಾ ಗುನುಗುತ್ತಿದ್ದಾನೆ. ಯಾರಿಗೆ ಕಾಗದ ಎಂದು ಕೇಳಿದ. ಅಮ್ಮನಿಗೆ ಎಂದೆ. ನಾನು ಚೆನ್ನಾಗಿದ್ದೀನಿ ಅಂತ ಬರಿ ಎಂದ. ಅದಕ್ಕೇ ಮೊದಲ ಸಾಲಿನಲ್ಲೇ ಬರೆದಿದ್ದೆ.

ಒಷ್ಕೋಷಿನಿಂದ ಬೆಳಗಿನ ರೈಲು ಇದೆ. ಗುರುವಾರ ಬಂದರೂ ಸಾಕು. ನಿಲ್ದಾಣಕ್ಕೆ ದಿನಾ ಹೋಗಿ ನೋಡುತ್ತೇನೆ. ಬಾರದಿದ್ದರೆ ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳುವುದಿಲ್ಲ. ಯಾರ ಮೇಲೆ ಮಾಡಿಕೊಳ್ಳಬೇಕೋ ನನಗೆ ತಿಳಿಯದಾಗಿದೆ.

ನಿನ್ನ ದಾರಿ ನೋಡುತ್ತಿರುವ ಮಗಳು,
ವಾಲ್ಬುರ್ಗಾ

ತಾ.ಕ.: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ. ಮತ್ತೆ ತೆಗೆದೆ. ನೀನು ಹೋಗುವಾಗ ನಿಮ್ಮ ಮದುವೆಯಲ್ಲಿ ತಗಡಿನ ಮೇಲೆ ತೆಗೆಸಿದ ಫೋಟೋವನ್ನು ಗೋಡೆಗೆ ಮುಖ ಮಾಡಿ ಇಟ್ಟು ಹೋಗಿದ್ದೆಯಲ್ಲ, ಹಳೇ ದಂಡಿನ ಕೋಟಿನಲ್ಲಿ ಅಪ್ಪ ನಿಂತಿರುವುದು. ಮಂಡಿಯೂರಿದ ಸಿಪಾಯಿಗೆ ನಮಗೆ ಕೊಟ್ಟ ಮೂಲ ವರ್ಣಚಿತ್ರದಲ್ಲಿ ಮುಖ ಸರಿಯಾಗಿ ಇರಲಿಲ್ಲ, ಯಾವುದಾದರೂ ಮುಖ ಹಾಕು ಎಂದಿದ್ದ ಯೋಸ್ಟ್. ಅಪ್ಪ ಆಲೂಗಡ್ಡೆ ಸುಲಿಯುತ್ತಾ ಎಲ್ಲವನ್ನೂ ಹೇಳಿ ಹದಿನೈದು ದಿನವಾಗಿತ್ತು. ಆ ತಗಡನ್ನು ಅಂಗಡಿಗೆ ಒಯ್ದವಳು ನಾನು. ಕಲ್ಲಿನ ಮೇಲೆ ಎಲ್ಲವನ್ನೂ ತಿರುಗುಮುರುಗಾಗಿ ಬರೆಯಬೇಕು, ಅದಕ್ಕೆ ಪಕ್ಕದಲ್ಲಿ ಕನ್ನಡಿ ಇಟ್ಟುಕೊಂಡು ಅದರಲ್ಲಿ ನೋಡಿ ಬರೆಯುವುದು ನಮ್ಮ ರೂಢಿ. ತಗಡಿನ ಮೇಲೆ ತೆಗೆದ ಚಿತ್ರವೇ ಎಡಬಲ ತಿರುಗಿರುತ್ತದೆ ಎನ್ನುವುದು ಮರೆತೆ. ಅದಕ್ಕೇ ಗಾಯ ಬಲಗೆನ್ನೆಗೆ ಬಂತು. ಕತ್ತಿ ಸುಳ್ಳೆಂದು ಜಗಳಾಡಿದ ತಿಂಗಳಲ್ಲೇ ಆ ಮುಖ ಬರೆದೆ. ಅವನು ಹೋಗಲಿಲ್ಲ ಎನ್ನುವುದನ್ನು ನನಗೂ ತಡೆದುಕೊಳ್ಳಲಾಗಿರಲಿಲ್ಲ ಅಮ್ಮಾ. ಒಮ್ಮೆಯಾದರೂ ಅವನನ್ನು ಅಲ್ಲಿಗೆ ಕಳಿಸಬೇಕು ಅನಿಸಿತ್ತು. ಮೊನ್ನೆ ಕೆರೆದು ಹಾಕೋಣವೆಂದು ಆ ಕಲ್ಲನ್ನು ಹುಡುಕಿದೆ. ಸಾವಿರಾರು ಹಾಳೆಗೆ ಸಾಕಾಗುವಷ್ಟು ನಕಲು ಬೇರೆ ಕಲ್ಲುಗಳಿಗೆ ಇಳಿಸಿಕೊಂಡು, ಮೊದಲಿನದನ್ನು ಮರಳು ಹಾಕಿ ಉಜ್ಜಿ ಬಿಟ್ಟಿದ್ದಾರೆ. ಈಗ ಅದರ ಮೇಲೆ ಸಾಬೂನಿನ ಚೀಟಿ ಇದೆ. ಬಂದಾಗ ಇದನ್ನು ಅಪ್ಪನಿಗೆ ಹೇಳಬೇಡ. ಆ ಮುಖ ಬರೆದವರು ಯಾರು ಎಂದು ಅವನು ಇವತ್ತಿನವರೆಗೂ ನನ್ನನ್ನು ಕೇಳಿಲ್ಲ.